ಮೊದಲು ಉಡುಗೊರೆ, ಆಮೇಲೆ ದಾರಿ

ಗೆಳೆಯರ ಮದುವೆಗೆ ಕಾರಿನಲ್ಲಿ ಹೊರಡುವ ಗಂಡ ಹೆಂಡತಿ ಮೊದಲು ನೋಡುವುದು ಮುಹೂರ್ತ ಎಷ್ಟು ಹೊತ್ತಿಗೆ ಎಂದು. ಆಮೇಲೆ ದಾರಿ, ಉಳಿದುಕೊಳ್ಳುವ ಜಾಗ, ಉಡುವ ಸೀರೆ, ಪಂಚೆ. ಉಡುಗೊರೆಯ ಸರದಿ ಬರುವುದು ಡಿಕ್ಕಿ ಮುಚ್ಚುವ ಹೊತ್ತಿಗೆ. ಅಂಗಡಿಯಿಂದ ತಂದ ಕುಕ್ಕರಿಗೋ ಗೋಡೆ ಗಡಿಯಾರಕ್ಕೋ ಈ ಕ್ರಮ ಸಾಕು. ಇಬ್ಬರೂ ಕೂತು ಕೈಯಾರೆ ಮಾಡಿದ ವಸ್ತುವಾದರೆ ಮಾತ್ರ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ವಾದ. ಜೊತೆಗೆ ಒಯ್ಯುವ ಬೇರೆ ಎಲ್ಲದಕ್ಕೂ ದಾರಿಯಲ್ಲೇ ಬದಲಿ ಸಿಗುತ್ತದೆ. ಮರೆತ ಚಪ್ಪಲಿಯನ್ನು ತುಮಕೂರಿನಲ್ಲಿ ಕೊಳ್ಳಬಹುದು, ಸುಕ್ಕಾದ ಸೀರೆಗೆ ಹುಬ್ಬಳ್ಳಿಯಲ್ಲಿ ಇಸ್ತ್ರಿ ಹಾಕಿಸಬಹುದು, ಲಾಡ್ಜ್ ಸರಿಯಿಲ್ಲದಿದ್ದರೆ ಇನ್ನೊಂದು ಹುಡುಕಬಹುದು. ತಿಂಗಳುಗಟ್ಟಲೆ ಸಂಜೆ ಕೂತು ಹೊಲಿದ ಕೌದಿಗೆ, ಬರೆದ ಚಿತ್ತಾರಕ್ಕೆ, ತಿದ್ದಿದ ಮಣ್ಣಿನ ದೀಪಕ್ಕೆ ಬದಲಿ ಎಂಬುದು ಎಲ್ಲೂ ಇಲ್ಲ. ಬದಲಿ ಇಲ್ಲದ್ದು ಯಾವುದೋ ಅದರಿಂದಲೇ ಯೋಜನೆ ಶುರುವಾಗಬೇಕು. ಏನು ಮಾಡುವುದು, ಯಾವಾಗ ಮುಗಿಸುವುದು, ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ನಿಲ್ಲುವುದು, ಯಾರ ಕೈಗೆ ಕೊಡುವುದು ಎಂಬ ಐದೂ ಪ್ರಶ್ನೆಗಳನ್ನು ಆ ವಸ್ತುವೇ ತೀರ್ಮಾನಿಸಬೇಕು.

ಮೊದಲು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನಮ್ಮಲ್ಲಿ ಆಷಾಢಕ್ಕೆ ಮುಂಚೆ ಮದುವೆ ಮುಗಿಸಬೇಕೆಂಬ ಅವಸರ ಇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಛತ್ರಗಳು ಖಾಲಿ ಇರುವುದಿಲ್ಲ. ಬಯಲುಸೀಮೆಯ ದಾರಿಯಲ್ಲಿ ಅದೇ ಉರಿಬಿಸಿಲಿನ ಕಾಲ. ಹೊರಗಿನ ಸೆಕೆ ಎಲ್ಲರಿಗೂ ಗೊತ್ತು. ನಿಲ್ಲಿಸಿದ ಕಾರಿನೊಳಗೆ ಏನಾಗುತ್ತದೆ ಎಂಬುದರ ಅಂದಾಜು ಹಲವರಿಗೆ ಇರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರ ಕಾಳಜಿ ಇದ್ದದ್ದು ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಬಗ್ಗೆ. ಹೊರಗಿನ ಉಷ್ಣಾಂಶ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ಬೇರೆ ಬೇರೆ ದಿನಗಳಲ್ಲಿ ಅವರು ಬಿಸಿಲಿನಲ್ಲಿ ನಿಂತ ಕಾರಿನ ಒಳಗನ್ನು ಅಳೆದರು. ಒಂದು ಗಂಟೆಯಲ್ಲಿ ಒಳಗಿನ ಉಷ್ಣಾಂಶ ಸರಾಸರಿ 22 ಡಿಗ್ರಿ ಏರಿತು. ಆ ಏರಿಕೆಯ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಅಂದರೆ 36 ಡಿಗ್ರಿಯ ಮಧ್ಯಾಹ್ನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಕಾರಿನೊಳಗೆ 55 ಡಿಗ್ರಿಯ ಆಸುಪಾಸಿನ ಬಿಸಿ ಇರುತ್ತದೆ. ಬಿಸಿಲು ನೇರವಾಗಿ ಬೀಳುವ ಡ್ಯಾಶ್‌ಬೋರ್ಡ್, ಹಿಂದಿನ ಗಾಜಿನ ಕೆಳಗಿನ ಹಲಗೆ ಇದಕ್ಕಿಂತಲೂ ಹೆಚ್ಚು ಕಾಯುತ್ತವೆ.

ಈ ಬಿಸಿಯನ್ನು ಮನೆಯಲ್ಲಿ ಮಾಡಿದ ಉಡುಗೊರೆಗಳ ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ತೀರ್ಮಾನ ತಾನಾಗಿ ಆಗುತ್ತದೆ. ಮೇಣದಬತ್ತಿಗೆ ಬಳಸುವ ಪ್ಯಾರಾಫಿನ್ ಮೇಣ ಸುಮಾರು 50ರಿಂದ 65 ಡಿಗ್ರಿಯ ನಡುವೆ ಕರಗುತ್ತದೆ. ಅದಕ್ಕೂ ಮುಂಚೆಯೇ ಮೆತ್ತಗಾಗಿ ಬಾಗುತ್ತದೆ. ಈಚಿನ ವರ್ಷಗಳಲ್ಲಿ ನಗರಗಳ ಹವ್ಯಾಸಿಗಳ ಕೈಗೆ ಬಂದಿರುವ ರೆಸಿನ್ ಕಲೆಯ ಪಾಡೂ ಇದೇ. ಲಗ್ನಪತ್ರಿಕೆಯನ್ನೋ ಹೂವಿನ ಎಸಳನ್ನೋ ಒಳಗೆ ಹುದುಗಿಸಿ ಮಾಡುವ ತಟ್ಟೆ, ನಾಮಫಲಕಗಳು ನೋಡಲು ಗಾಜಿನಷ್ಟು ಗಟ್ಟಿ. ಆದರೆ ಮನೆಯಲ್ಲಿ ಎರಕ ಹೊಯ್ಯುವ ಬಹುಪಾಲು ಎಪಾಕ್ಸಿ ರೆಸಿನ್ 50–60 ಡಿಗ್ರಿಗೆ ಬಿಗಿ ಕಳೆದುಕೊಂಡು ಬಳುಕುತ್ತದೆ, ಓರೆಯಾಗಿ ಇಟ್ಟಿದ್ದರೆ ಹಾಗೇ ಡೊಂಕಾಗಿ ನಿಲ್ಲುತ್ತದೆ. ಅಕ್ರಿಲಿಕ್ ಬಣ್ಣದ ಚಿತ್ರ ಒಣಗಿದೆ ಎಂದುಕೊಂಡು ಬಬಲ್ ರ್ಯಾಪ್ ಸುತ್ತಿದರೆ, ಬಿಸಿಗೆ ಬಣ್ಣ ಅಂಟಂಟಾಗಿ ಗುಳ್ಳೆಗಳ ಗುರುತು ಚಿತ್ರದ ಮೇಲೆ ಅಚ್ಚಾಗುತ್ತದೆ. ಬಿಳಿ ಗೋಂದಿನಿಂದ ಕೂಡಿಸಿದ ಮರದ ಕೀಲು ಬಿಸಿಗೆ ಸಡಿಲವಾಗುತ್ತದೆ. ಅರಗಿನ ಕೆಲಸವನ್ನೂ ಇಲ್ಲೇ ಹೇಳಬೇಕು. ಚನ್ನಪಟ್ಟಣದ ಕುಶಲಕರ್ಮಿಗಳು ಲೇತ್‌ನಲ್ಲಿ ಗಿರ್ರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆ ಗರಿ ಒತ್ತಿ ಹೊಳಪು ಬರಿಸುತ್ತಾರೆ. ಬಿಸಿಯಿಂದ ಹತ್ತಿದ್ದು ಬಿಸಿಗೇ ಮೆದುವಾಗುತ್ತದೆ. ಚನ್ನಪಟ್ಟಣದಲ್ಲಿ ಕಲಿತು ನೀವೇ ಕಡೆದ ಕುಂಕುಮದ ಭರಣಿಯನ್ನು ಬಿಸಿಲಿನ ಗಾಜಿನ ಕೆಳಗೆ ಇಟ್ಟು ಮರೆಯಬಾರದು.

ದೂರದ ದಾರಿಗೆ ಎಲ್ಲಕ್ಕಿಂತ ಒಳ್ಳೆಯ ಸಂಗಾತಿ ಬಟ್ಟೆ. ಒಡೆಯುವುದಿಲ್ಲ, ಕರಗುವುದಿಲ್ಲ, ಹಂಪ್ಸ್‌ಗೆ ಹೆದರುವುದಿಲ್ಲ. ಉತ್ತರ ಕರ್ನಾಟಕದ ಕೌದಿಯನ್ನೇ ತೆಗೆದುಕೊಳ್ಳಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ದಾರ ಓಡಿಸಿ ಹೊಲಿಯುವ ಇದನ್ನು ಕಾಲೇಜಿನ ದಿನಗಳ ಗೆಳತಿಗೆ ಆ ದಿನಗಳ ಬಟ್ಟೆಗಳಿಂದಲೇ ಮಾಡಿಕೊಟ್ಟರೆ ಅದಕ್ಕಿಂತ ಹೆಚ್ಚಿನದು ಅಂಗಡಿಯಲ್ಲಿ ಸಿಗಲಾರದು. ಹಳ್ಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ನೋಡಿದವರಿಗೆ ಹರಕು ಬಟ್ಟೆಯಿಂದ ಎಂಥ ಬಣ್ಣದ ಜೋಡಣೆ ಸಾಧ್ಯ ಎಂದು ಗೊತ್ತು. ಕಸೂತಿ ಹಾಕಬಲ್ಲವರಿಗೆ ಒಂದು ಎಚ್ಚರಿಕೆ ಇದೆ. ಧಾರವಾಡದ ಕಸೂತಿಯಲ್ಲಿ ಚಿತ್ರ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುತ್ತಾರೆ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕಾದ್ದರಿಂದ ದಾರಕ್ಕೆ ಗಂಟು ಹಾಕುವುದಿಲ್ಲ. ಈ ಚೆಲುವೇ ಪ್ರಯಾಣದಲ್ಲಿ ಅದರ ದುರ್ಬಲ ಜಾಗ. ಬ್ಯಾಗಿನ ಜಿಪ್, ಬಳೆಯ ಅಂಚು, ಸೇಫ್ಟಿ ಪಿನ್ ಯಾವುದಕ್ಕಾದರೂ ಒಂದು ಎಳೆ ಸಿಕ್ಕಿತೆಂದರೆ ಎಣಿಸಿ ಹೊಲಿದ ಗೋಪುರದ ಚಿತ್ರದ ತುದಿ ಸುಕ್ಕಾಗಿ ಹೋಗುತ್ತದೆ. ಇಂಥ ಬಟ್ಟೆಯನ್ನು ಮಡಿಸಬಾರದು. ರಟ್ಟಿನ ಕೊಳವೆಗೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಕಸೂತಿಯನ್ನು ಸುರುಳಿ ಮಾಡಿ, ಹೊರಗೆ ಮತ್ತೊಂದು ಹಳೆಯ ಪಂಚೆ ಸುತ್ತಿ ದಾರದಿಂದ ಸಡಿಲವಾಗಿ ಕಟ್ಟಿದರೆ ಸಾಕು. ಮದುವೆ ಮನೆಯಲ್ಲಿ ಅರಿಶಿನ, ಕುಂಕುಮ, ತುಪ್ಪದ ಕೈಗಳು ಎಲ್ಲೆಲ್ಲೂ ಇರುವುದರಿಂದ ಕೊಡುವ ಗಳಿಗೆಯವರೆಗೆ ಪೊಟ್ಟಣ ಬಿಚ್ಚದಿರುವುದು ಕ್ಷೇಮ.

ಕರಾವಳಿಯಲ್ಲಿ ಮದುವೆಯಾದರೆ ಲೆಕ್ಕ ಬೇರೆ. ಅಲ್ಲಿ ಗಾಳಿಯ ತೇವವನ್ನು ನೋಡಿಕೊಳ್ಳಬೇಕು. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಬಿಗಿಯಾಗಿ ಕೂಡಿಸಿದ ಮರದ ಪೆಟ್ಟಿಗೆ ಉಡುಪಿಯ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಮುಚ್ಚಳ ಕಚ್ಚಿಕೊಳ್ಳುತ್ತದೆ. ಕಾಗದ ಅಲೆಯಲೆಯಾಗಿ ಏಳುತ್ತದೆ. ಮೈದಾ ಅಂಟು ಬಳಸಿದ ಕಡೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಯ ಹಸೆಗೋಡೆಗೆ ಬರೆಯುವ ಚಿತ್ತಾರವನ್ನು ಹಲಗೆಯ ಮೇಲೆ ಕಲಿತು ಬರೆದು ಕೊಡುವವರು ಈಗ ಇದ್ದಾರೆ. ಮದುವೆಗೇ ಹುಟ್ಟಿದ ಕಲೆಯಾದ್ದರಿಂದ ಒಳ್ಳೆಯ ಆಯ್ಕೆ. ಆದರೆ ಕೆಮ್ಮಣ್ಣಿನ ನೆಲೆಯ ಮೇಲೆ ನೆನೆಸಿ ರುಬ್ಬಿದ ಅಕ್ಕಿಯ ಬಿಳಿಯಿಂದ ಎಳೆಯುವ ಆ ಗೆರೆಗಳು ಒದ್ದೆ ಕೈ ತಾಗಿದರೆ ಎದ್ದುಬರುತ್ತವೆ. ಸಾಂಪ್ರದಾಯಿಕ ಬಣ್ಣದಲ್ಲೇ ಬರೆಯುವುದಾದರೆ ಹಲಗೆಗೆ ಅಂಚುಕಟ್ಟು ಕೂಡಿಸಿ, ಚಿತ್ರದ ಮೇಲ್ಮೈಗೆ ಏನೂ ತಾಗದ ಹಾಗೆ ಎದುರಿಗೆ ರಟ್ಟು ಕಟ್ಟಬೇಕು. ಚೌಕಟ್ಟಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿ. ಒಡೆದ ಗಾಜು ಚಿತ್ರವನ್ನು ಮಾತ್ರ ಹಾಳು ಮಾಡುವುದಿಲ್ಲ, ಕಾರಿನಲ್ಲಿ ಕೂತವರನ್ನೂ ಗಾಯಗೊಳಿಸುತ್ತದೆ.

ಏನು ಮಾಡಬೇಕೆಂದು ಗೊತ್ತಾದ ಮೇಲೆ ಮುಗಿಸುವ ದಿನವನ್ನು ಹಿಂದಿನಿಂದ ಎಣಿಸಬೇಕು. ಹೊರಡುವ ಹಿಂದಿನ ರಾತ್ರಿ ಕೊನೆಯ ಕೈ ಬಣ್ಣ ಬಳಿಯುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ಅಪಾಯಕಾರಿ. ಕೈಗೆ ಅಂಟದಿದ್ದ ಮಾತ್ರಕ್ಕೆ ಬಣ್ಣ ಗಟ್ಟಿಯಾಗಿದೆ ಎಂದಲ್ಲ. ಬಿಳಿ ಗೋಂದಿಗೆ ಪೂರ್ತಿ ಒಂದು ದಿನ ಬೇಕು, ಎನಾಮಲ್ ಬಣ್ಣ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ, ದಪ್ಪಗೆ ಹಚ್ಚಿದ ತೈಲವರ್ಣಕ್ಕೆ ತಿಂಗಳುಗಳೇ ಬೇಕು. ಕನಿಷ್ಠ ಎರಡು ವಾರ ಮುಂಚೆ, ಎನಾಮಲ್ ಅಥವಾ ತೈಲವರ್ಣವಾದರೆ ಇನ್ನೂ ಮುಂಚೆ, ಕೆಲಸ ಮುಗಿಸಿ ಗಾಳಿಯಾಡುವ ಕಡೆ ಇಡುವುದನ್ನು ನಿಯಮ ಮಾಡಿಕೊಳ್ಳಿ. ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಕೆಲಸ ಇದೆ. ಅದೇ ಬಣ್ಣ, ಅದೇ ಅಂಟು, ಅದೇ ಮರ ಅಥವಾ ರೆಸಿನ್ನಿನ ಒಂದು ಸಣ್ಣ ತುಣುಕನ್ನು ಹೆಚ್ಚುವರಿಯಾಗಿ ಮಾಡಿ, ಒಯ್ಯುವ ಹಾಗೆಯೇ ಸುತ್ತಿ, ಮನೆಯ ಮುಂದೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟುನೋಡಿ. ಯಾರ ಸಲಹೆಯೂ ಹೇಳದಷ್ಟು ಸ್ಪಷ್ಟವಾಗಿ ಆ ತುಣುಕು ಉತ್ತರ ಹೇಳುತ್ತದೆ. ತುಣುಕು ಬಾಗಿದರೆ ಬೇರೆ ವಸ್ತು ಆರಿಸಿಕೊಳ್ಳಲು ಆಗ ಇನ್ನೂ ಸಮಯವಿರುತ್ತದೆ.

ಕಾರಿನಲ್ಲಿ ಎಲ್ಲಿಡುವುದು ಎಂಬುದಕ್ಕೆ ರೂಢಿಯ ಉತ್ತರ ಡಿಕ್ಕಿ. ಒಡೆಯುವ ವಸ್ತುವಿಗೆ ಅದು ಸರಿಯಾದ ಜಾಗ ಅಲ್ಲ. ಕಾರು ಹಂಪ್ ಹತ್ತಿಳಿಯುವಾಗ ಎರಡು ಜೊತೆ ಚಕ್ರಗಳ ನಡುವಿನ ಭಾಗ ಕಡಿಮೆ ಅಲ್ಲಾಡುತ್ತದೆ. ಹಿಂದಿನ ಚಕ್ರಗಳ ಮೇಲೆ ಮತ್ತು ಅದರಾಚೆ ಇರುವ ಡಿಕ್ಕಿ ಹೆಚ್ಚು ಎಗರುತ್ತದೆ. ಊರೂರಿಗೂ ಗುರುತಿಲ್ಲದ ಹಂಪ್ಸ್ ಇರುವ ನಮ್ಮ ರಸ್ತೆಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಸಿಎನ್‌ಜಿ ಕಾರಾದರೆ ಸಿಲಿಂಡರ್ ಪಕ್ಕ ಉಳಿದ ಜಾಗದಲ್ಲಿ ಪೆಟ್ಟಿಗೆ ತುರುಕುವ ಆಸೆಯನ್ನೇ ಬಿಡಬೇಕು. ಚಾಲಕರ ಪಕ್ಕದ ಸೀಟಿನ ಹಿಂದೆ, ಕಾಲಿಡುವ ನೆಲದಲ್ಲಿ, ಕೆಳಗೊಂದು ಮಡಿಸಿದ ಕಂಬಳಿ ಹಾಸಿ ಪೆಟ್ಟಿಗೆ ಇಟ್ಟು, ಮುಂದಿನ ಸೀಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಬಿಗಿ ಮಾಡಿದರೆ ಅದು ಅಲ್ಲಾಡುವುದೂ ಇಲ್ಲ, ಬಿಸಿಲೂ ತಾಗುವುದಿಲ್ಲ. ದೊಡ್ಡದಾದರೆ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ. ಕಟ್ಟದ ಸಾಮಾನು ಉಡುಗೊರೆಗಷ್ಟೇ ಅಲ್ಲ, ಮನುಷ್ಯರಿಗೂ ಅಪಾಯ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವೇಗ. ಆಗ ಹಿಂದಿನಿಂದ ಹಾರಿಬರುವ ಐದು ಕಿಲೋ ಮಣ್ಣಿನ ಹೂಜಿ ಯಾರ ಬೆನ್ನಿಗೂ ಬೀಳಬಾರದು. ಜೋಪಾನ ಎಂದು ಮುಂದಿನ ಸೀಟಿನಲ್ಲಿ ಚೌಕಟ್ಟನ್ನು ತೊಡೆಯ ಮೇಲೆ ಹಿಡಿದು ಕೂರುವವರೂ ಇದ್ದಾರೆ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ, ಎದೆಗೂ ಅದಕ್ಕೂ ನಡುವೆ ಏನೂ ಇರಕೂಡದು.

ಪೊಟ್ಟಣ ಕಟ್ಟುವ ವಿಷಯ ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಮಣ್ಣಿನ ಪ್ರತಿ ತುಂಡನ್ನೂ ಬೇರೆ ಬೇರೆ ಸುತ್ತಿ, ಒಳಗಿನ ಟೊಳ್ಳಿಗೂ ಕಾಗದ ತುಂಬಿ, ಒಂದು ಪೆಟ್ಟಿಗೆಯನ್ನು ಇನ್ನೊಂದರೊಳಗೆ ಇಟ್ಟು ನಡುವೆ ನಾಲ್ಕು ಬೆರಳಷ್ಟು ಮೆತ್ತೆ ಕೊಡಿ. ಅಲ್ಲಾಡಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಬಣ್ಣದ ಮೇಲ್ಮೈಗೆ ಮೊದಲು ಬೆಣ್ಣೆ ಕಾಗದ, ಅದರ ಮೇಲೆ ಬೇರೆಲ್ಲ. ಸೂಜಿ, ಅದೇ ಬಣ್ಣದ ದಾರ, ಉಳಿದ ಬಣ್ಣದ ಸಣ್ಣ ಡಬ್ಬಿ, ಕುಂಚ, ಅಂಟು ಇರುವ ಒಂದು ಸಂಚಿ ಜೊತೆಗಿರಲಿ.

ಇನ್ನು ಹೊತ್ತು. ಬೆಂಗಳೂರಿನಿಂದ ಧಾರವಾಡದ ಮದುವೆಗೆ ಹೊರಟಿದ್ದೀರಿ ಎಂದಿಟ್ಟುಕೊಳ್ಳೋಣ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ ದಾಟಿ ಸುಮಾರು 430 ಕಿ.ಮೀ. ಎಂಟು ಗಂಟೆಗೆ ತಿಂಡಿ ತಿಂದು ಹೊರಟರೆ ನಗರದ ಟ್ರಾಫಿಕ್ಕೂ ನಿಮ್ಮದು, ಚಿತ್ರದುರ್ಗದ ಬಂಡೆಗಳ ನಡುವಿನ ಮಧ್ಯಾಹ್ನವೂ ನಿಮ್ಮದು, ಊಟಕ್ಕೆ ನಿಲ್ಲಿಸಿದ ಕಾರು ಸರಿಯಾಗಿ ಒಂದೂವರೆ ಗಂಟೆಯ ಬಿಸಿಲಿನಲ್ಲಿ ಕಾಯುತ್ತದೆ. ಐದಕ್ಕೇ ಹೊರಟರೆ ಒಂಬತ್ತೂವರೆಯ ಸುಮಾರಿಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಆ ಹೊತ್ತಿನ ಬಿಸಿಲು ಇನ್ನೂ ಎಳೆಯದು, ಮರದ ನೆರಳೂ ಉದ್ದಕ್ಕೆ ಚಾಚಿರುತ್ತದೆ. ಅಲ್ಲಿಂದ ಹಾವೇರಿಯ ಆಚೀಚೆ ಚಹಾಕ್ಕೆ ಹತ್ತು ನಿಮಿಷ ನಿಂತರೂ ಒಂದೂವರೆ, ಎರಡರೊಳಗೆ ಧಾರವಾಡ. ಮುಖ್ಯ ನಿಲುಗಡೆ ಊಟದ್ದಾಗದೆ ತಿಂಡಿಯದ್ದಾಗಬೇಕು ಎಂಬ ಈ ಒಂದು ಬದಲಾವಣೆ ಕಾರಿನೊಳಗಿನ ಬಿಸಿಯನ್ನು ಯಾವ ಸನ್‌ಶೇಡ್‌ಗಿಂತಲೂ ಚೆನ್ನಾಗಿ ತಡೆಯುತ್ತದೆ. ಇಬ್ಬರಿಗೂ ಓಡಿಸಲು ಬಂದರೆ ಎರಡು ಗಂಟೆಗೊಮ್ಮೆ ಕೈ ಬದಲಿಸಿ. ಎಲೆಕ್ಟ್ರಿಕ್ ಕಾರಿನವರು ಚಾರ್ಜಿಂಗ್‌ಗೆ ನಿಲ್ಲುವ ಜಾಗಕ್ಕೆ ಚಾವಣಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಒಬ್ಬರು ಕಾರಿನಲ್ಲೇ ಎಸಿ ಹಾಕಿಕೊಂಡು ಕೂರುವುದು ಮೇಲು. ಫಾಸ್ಟ್ಯಾಗ್‌ನಲ್ಲಿ ಹಣ ಇರಲಿ, ಅದಿಲ್ಲದೆ ನಗದು ಕೊಟ್ಟರೆ ಟೋಲ್ ದುಪ್ಪಟ್ಟು. ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ ಕರೆ ಮಾಡಬಹುದು.

ಘಾಟಿ ಇಳಿದು ಹೋಗುವ ಮದುವೆಗಳಿಗೆ ಇನ್ನೊಂದು ಪ್ರಶ್ನೆ ಸೇರುತ್ತದೆ. ಮಂಗಳೂರು ಕಡೆಗೆ ಹಾಸನ, ಸಕಲೇಶಪುರದ ಮೇಲೆ ಶಿರಾಡಿ, ಮೂಡಿಗೆರೆಯ ಮೇಲೆ ಚಾರ್ಮಾಡಿ, ಮಡಿಕೇರಿಯಿಂದ ಸಂಪಾಜೆ, ಉಡುಪಿಗೆ ತೀರ್ಥಹಳ್ಳಿಯಿಂದ ಆಗುಂಬೆ. ದೂರದಲ್ಲಿ ಹತ್ತಿಪ್ಪತ್ತು ಕಿ.ಮೀ. ಉಳಿಸುವ ದಾರಿಯನ್ನು ಮ್ಯಾಪ್ ತೋರಿಸುತ್ತದೆ, ಹದಿನಾಲ್ಕು ತಿರುವುಗಳ ಆಗುಂಬೆಯಲ್ಲಿ ಪೆಟ್ಟಿಗೆ ಎಷ್ಟು ಸಲ ಪಕ್ಕಕ್ಕೆ ಜಾರುತ್ತದೆ ಎಂಬುದನ್ನು ತೋರಿಸುವುದಿಲ್ಲ. ಹಸಿ ಮಣ್ಣಿನ ಮೂರ್ತಿಯೋ ಎತ್ತರದ ದೀಪದ ಕಂಬವೋ ಜೊತೆಗಿದ್ದರೆ ತಿರುವು ಕಡಿಮೆ ಇರುವ ದಾರಿಯನ್ನೇ ಆರಿಸಿ. ಜೂನ್ ಮೊದಲ ವಾರದ ಮದುವೆಯಾದರೆ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವ ಸಾಧ್ಯತೆ ಇರುವುದರಿಂದ ಹೊರಡುವ ಹಿಂದಿನ ಸಂಜೆ ಜಿಲ್ಲಾಡಳಿತದ ಪ್ರಕಟಣೆ ನೋಡಿ, ಮುಹೂರ್ತದ ಹಿಂದಿನ ದಿನವೇ ತಲುಪುವ ಲೆಕ್ಕ ಹಾಕಿ.

ಇಷ್ಟೆಲ್ಲ ರಗಳೆ ಏಕೆ, ಕೊರಿಯರ್ ಮಾಡಿದರೆ ಆಗದೇ ಎಂದು ಕೇಳಬಹುದು. ಬಟ್ಟೆಯ ಉಡುಗೊರೆಗಾದರೆ ಇದು ಸರಿಯಾದ ಪ್ರಶ್ನೆ. ಸ್ಪೀಡ್ ಪೋಸ್ಟ್ ಇದೆ, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಇದೆ; ಕೌದಿಯನ್ನು ಮುಂಚಿತವಾಗಿ ಕಳಿಸಿ ಕೈಬೀಸಿಕೊಂಡು ಹೋಗಲು ಅಡ್ಡಿಯಿಲ್ಲ. ಒಡೆಯುವ ವಸ್ತುವಿಗೆ ಈ ಉತ್ತರ ಒಪ್ಪುವುದಿಲ್ಲ. ನಷ್ಟವಾದರೆ ಸಿಗುವ ಪರಿಹಾರ ನಮೂದಿಸಿದ ಬೆಲೆಗೆ ಕಟ್ಟುಬಿದ್ದದ್ದು. ಮನೆಯಲ್ಲಿ ಮಾಡಿದ್ದಕ್ಕೆ ರಸೀದಿಯ ಬೆಲೆ ಎಲ್ಲಿಂದ ಬರಬೇಕು? ಬಂದ ಹಣದಿಂದ ಅದನ್ನು ಮತ್ತೆ ಕೊಳ್ಳುವುದೂ ಆಗದು. ಎತ್ತಿ ಇಳಿಸುವ ಹತ್ತು ಕೈಗಳಿಗಿಂತ ಮಾಡಿದ ಇಬ್ಬರ ಕೈಯೇ ವಾಸಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಹೊಸ ಸಂಸಾರಕ್ಕೆ ಬೇಕಾಗಿರುವುದು ಹಣ. ಕಸೂತಿಯ ಬಟ್ಟೆ ಕಪಾಟಿನಲ್ಲಿ ಕೂರುತ್ತದೆ, ಲಕೋಟೆ ಸಾಲ ತೀರಿಸುತ್ತದೆ. ಈ ಮಾತನ್ನು ತಳ್ಳಿಹಾಕಲಾಗದು. ಹಳ್ಳಿಗಳ ಮುಯ್ಯಿಯ ಪದ್ಧತಿ ನಿಂತಿರುವುದೇ ಈ ತಿಳಿವಳಿಕೆಯ ಮೇಲೆ. ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಮರಳಿಸುವ ಆ ವ್ಯವಸ್ಥೆ ಎಷ್ಟೋ ಕುಟುಂಬಗಳನ್ನು ಮದುವೆಯ ಖರ್ಚಿನಿಂದ ಉಳಿಸಿದೆ. ಕೈಯಾರೆ ಮಾಡಿದ್ದು ಮುಯ್ಯಿಗೆ ಬದಲಾಗಬೇಕೆಂದು ನಾನು ಹೇಳುವುದಿಲ್ಲ. ಕೈಲಾದಷ್ಟು ಲಕೋಟೆಯಲ್ಲಿಟ್ಟು ಅದನ್ನೂ ಕೊಡಿ. ಆದರೆ ಮುಯ್ಯಿಗೆ ಮರಳಿಸುವ ಹೊಣೆ ಅಂಟಿಕೊಂಡಿದೆ, ನೀವು ಹೊಲಿದ ಕೌದಿಗೆ ಆ ಹೊಣೆ ಇಲ್ಲ. ಗೆಳೆತನದಲ್ಲಿ ಲೆಕ್ಕವಿಡದ ಒಂದು ಕೊಡುಗೆಯೂ ಇರಲಿ ಎಂಬುದಷ್ಟೇ ನನ್ನ ಆಸೆ. ನಗದು ಒಯ್ಯುವವರಿಗೆ ಒಂದು ಸೂಚನೆ. ಚುನಾವಣಾ ನೀತಿ ಸಂಹಿತೆ ಇರುವ ದಿನಗಳಲ್ಲಿ 50,000 ರೂಪಾಯಿ ಮೀರಿದ ನಗದಿಗೆ ಚೆಕ್‌ಪೋಸ್ಟಿನಲ್ಲಿ ದಾಖಲೆ ಕೇಳುತ್ತಾರೆ. ಬ್ಯಾಂಕಿನ ಚೀಟಿಯ ಜೊತೆ ಲಗ್ನಪತ್ರಿಕೆಯೂ ಕೈಗೆ ಸಿಗುವ ಹಾಗಿರಲಿ.

ಒಂದು ವಸ್ತುವಿಗಾಗಿ ಇಡೀ ಪ್ರಯಾಣವನ್ನು ಕಟ್ಟಿಹಾಕಿದರೆ ಸುಖ ಎಲ್ಲಿ ಉಳಿಯಿತು ಎನ್ನುವವರೂ ಇರುತ್ತಾರೆ. ಮೇಲೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ನೋಡಿ. ನಸುಕಿನಲ್ಲಿ ಹೊರಡುವುದು, ಹಂಪ್ಸ್‌ಗೆ ನಿಧಾನಿಸುವುದು, ತಿರುವು ಕಡಿಮೆ ಇರುವ ದಾರಿ ಹಿಡಿಯುವುದು, ಸಾಮಾನು ಕಟ್ಟುವುದು, ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ನಿಲ್ಲಿಸದಿರುವುದು, ಒಂದು ದಿನ ಮೊದಲೇ ಹೋಗುವುದು. ಇದರಲ್ಲಿ ಒಂದಾದರೂ ಮನುಷ್ಯರಿಗೆ ಕೆಟ್ಟದ್ದಿದೆಯೇ? ನಮ್ಮ ಜೀವಕ್ಕಾಗಿ ಮಾಡಬೇಕಾದದ್ದನ್ನು ನಾವು ಸುಲಭವಾಗಿ ಮುಂದೂಡುತ್ತೇವೆ, ಹಿಂದಿನ ಸೀಟಿನಲ್ಲಿ ಮಣ್ಣಿನ ದೀಪ ಇದ್ದರೆ ಮುಂದೂಡುವುದಿಲ್ಲ. ಅಷ್ಟರಮಟ್ಟಿಗೆ ಆ ದೀಪ ಇಬ್ಬರನ್ನೂ ಕಾಯುತ್ತದೆ.

ಕೊಡುವ ಗಳಿಗೆಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಆರತಕ್ಷತೆಯ ವೇದಿಕೆಗೆ ಸಾಲು ಹತ್ತಿರುತ್ತದೆ, ಫೋಟೋಗೆ ಅರ್ಧ ನಿಮಿಷ, ಪೊಟ್ಟಣ ಸೋಫಾದ ಹಿಂದಿನ ರಾಶಿಗೆ. ರಾತ್ರಿ ಛತ್ರ ಖಾಲಿ ಮಾಡುವ ಗಡಿಬಿಡಿಯಲ್ಲಿ ಆ ರಾಶಿ ಯಾರ ಯಾರದೋ ಗಾಡಿಯಲ್ಲಿ ಹೋಗುತ್ತದೆ. 430 ಕಿ.ಮೀ. ಜತನದಿಂದ ತಂದದ್ದು ಒಡೆಯುವುದು ಹೆಚ್ಚಾಗಿ ಆ ಕೊನೆಯ ನಾಲ್ಕು ಕಿ.ಮೀ.ಗಳಲ್ಲಿ. ಹಿಂದಿನ ದಿನವೇ ತಲುಪಿದ್ದರೆ ಸಂಜೆ ಮನೆಗೆ ಹೋಗಿ ವಧುವಿನ ಅಥವಾ ವರನ ತಾಯಿಯ ಕೈಗೆ ಕೊಡಿ. ಹೊತ್ತು ಸಿಕ್ಕರೆ ಗೆಳೆಯರೆದುರೇ ಬಿಚ್ಚಿ ತೋರಿಸಿ. ಅದೂ ಆಗದಿದ್ದರೆ ವೇದಿಕೆಯ ಮೇಲೆ ಒಂದು ಕಾರ್ಡ್ ಕೊಟ್ಟು, ವಸ್ತುವನ್ನು ಬೀಗರೂಟವೆಲ್ಲ ಮುಗಿದ ಮೇಲೆ ಹೊಸ ಮನೆಗೇ ಒಯ್ದು ಕೊಡುವುದು ಒಳ್ಳೆಯದು. ಯಾವ ಬಟ್ಟೆ, ಯಾವ ಬಣ್ಣ, ಹೇಗೆ ಒಗೆಯಬೇಕು, ಎಲ್ಲಿ ಇಡಬಾರದು, ಯಾವಾಗ ಮಾಡಿದ್ದು ಎಂದು ಕೈಬರಹದಲ್ಲಿ ನಾಲ್ಕು ಸಾಲು ಒಳಗಿಡಿ. ಕಸೂತಿಗೆ ಅರಿಶಿನ ಹತ್ತಿದರೆ ತಣ್ಣೀರಲ್ಲಿ ಮೆಲ್ಲಗೆ ತೊಳೆದು ಬಿಸಿಲಿಗೆ ಹಾಕಿದರೆ ಕಲೆ ಮಾಸುತ್ತದೆ ಎಂಬಂಥ ಸಣ್ಣ ಮಾಹಿತಿಯೂ ಇರಲಿ.

ಊಟ ಮುಗಿದ ಕೂಡಲೇ ವಾಪಸ್ ಹೊರಡಬೇಡಿ. ಭೂರಿ ಭೋಜನದ ನಂತರದ ಮಧ್ಯಾಹ್ನ, ಮತ್ತು ರಾತ್ರಿ ಎರಡರಿಂದ ಬೆಳಗಿನ ಆರು ಗಂಟೆಯವರೆಗಿನ ಹೊತ್ತು, ಚಾಲಕರಿಗೆ ನಿದ್ದೆ ಎಳೆಯುವ ಸಮಯಗಳು. ರಿಸೆಪ್ಷನ್ ಮುಗಿಸಿ ಹನ್ನೊಂದಕ್ಕೆ ಹೊರಟು ಬೆಳಿಗ್ಗೆ ಆಫೀಸಿಗೆ ತಲುಪುವ ಲೆಕ್ಕ ಈ ಎರಡನೆಯ ಹೊತ್ತನ್ನು ನೇರವಾಗಿ ಹಾದುಹೋಗುತ್ತದೆ. ರಜೆ ಕೇಳುವಾಗಲೇ ಮದುವೆಯ ಮರುದಿನವನ್ನೂ ಸೇರಿಸಿ ಕೇಳಿ.